ಪರವೂರಿನಿಂದ ಕಲಿಯುವುದೇನು, ಬಿಡುವುದೇನು? ನಗರದ ನೀರಿನ ಬಗ್ಗೆ ಓದುಗರ ಪ್ರಶ್ನೋತ್ತರ

(ನದಿ ದಂಡೆ, ಕಡಲ ದಂಡೆಗಳ ಅಭಿವೃದ್ಧಿ ಮತ್ತು ನಗರದ ನೀರಿನ ವಿಷಯದಲ್ಲಿ ಬೇರೆ ದೇಶದ ನಗರಗಳ ಜೊತೆ ನಡೆಯುತ್ತಿರುವ ಕೊಡುಕೊಳ್ಳುವಿಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಬರೆದಿದ್ದಾರೆ. ಉತ್ತರಿಸಿದವರು ಮುಂಬಯಿಯ ನೀರು ಸರಬರಾಜು ಖಾತೆಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದ, ಕುಮಟೆ ಮೂಲದ, ಈಗ ಮಾಟುಂಗಾದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು. – ಸಂ.)

ಪ್ರ: ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಮುಳಾ-ಮುಠಾ ನದಿ ದಂಡೆ ಯೋಜನೆಯ ಕೆಲಸವನ್ನು ಬಂಡ್ ಗಾರ್ಡನ್ ಹತ್ತಿರ ನೋಡಿ ಬಂದೆ. ಸಿಂಗಪುರ, ಸಿಯೋಲ್, ಅಹಮದಾಬಾದ್ ಥರ ಆಗುತ್ತದೆ ಎನ್ನುತ್ತಾರೆ ಕೆಲವರು. ಹೊಳೆಯನ್ನೇ ಕೊಲ್ಲುತ್ತಿದ್ದಾರೆ ಎನ್ನುತ್ತಾರೆ ಇನ್ನು ಕೆಲವರು. ಯಾರ ಮಾತು ಸರಿ, ಸರ್?
– ವಿದ್ಯಾರ್ಥಿನಿ, ಕೋಥ್ರೂಡ್, ಪುಣೆ

ಉ: ಮಗಳೇ, ನೀನು ಬರೆದ ಮೂರು ಊರುಗಳನ್ನೇ ಒಂದೊಂದಾಗಿ ನೋಡೋಣ. ಮೂರರ ಕಥೆಯೂ ಬೇರೆ ಬೇರೆ.

ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ 1977ರಲ್ಲಿ ಸಿಂಗಪುರ ನದಿ ಮತ್ತು ಕಲಾಂಗ್ ಹೊಳೆ ಹತ್ತು ವರ್ಷದಲ್ಲಿ ಚೊಕ್ಕಟವಾಗಬೇಕು ಎಂದರು. ಆಗ ಅಲ್ಲಿನವರು ಮೊದಲು ಕೈ ಹಾಕಿದ್ದು ದಂಡೆಗೆ ಅಲ್ಲ, ಹೊಳೆಗೆ ಸೇರುವ ಹೊಲಸಿಗೆ. ಜಲಾನಯನದೊಳಗಿದ್ದ ಹಂದಿ, ಬಾತುಕೋಳಿ ಸಾಕಣೆ ಎತ್ತಿದರು. ಬೀದಿಯಲ್ಲಿ ತಿಂಡಿ ಮಾರುವವರಿಗೆ ನಲ್ಲಿ, ಚರಂಡಿ ಇರುವ ಮಾರುಕಟ್ಟೆ ಕಟ್ಟಿಕೊಟ್ಟರು. ಸುಮಾರು 26,000 ಕುಟುಂಬಗಳಿಗೆ ಒಳಚರಂಡಿ ಇರುವ ಸರಕಾರಿ ಮನೆ ಕೊಟ್ಟರು. ಸರಕಿನ ದೋಣಿಗಳು ಬೇರೆ ಕಡೆ ಹೋದವು, ತಳದ ಹೂಳು ಎತ್ತಿದರು. 1987ಕ್ಕೆ ಕೆಲಸ ಮುಗಿಯಿತು. ಇವತ್ತು ನಾವು ಫೋಟೋದಲ್ಲಿ ನೋಡುವ ದೀಪ, ಹೋಟೆಲು, ನಡೆದಾಡುವ ದಾರಿ ಎಲ್ಲ ಮುಖ್ಯವಾಗಿ ಅದಾದ ಮೇಲೆ ಬಂದದ್ದು. ನಮ್ಮಲ್ಲಿಂದ ನೋಡಲು ಹೋದವರು ಆ ಕೊನೆಯ ಭಾಗದ ಫೋಟೋ ತೆಗೆದುಕೊಂಡು ಬರುತ್ತಾರೆ. ನನಗೆ ಬೇಸರವಾಗುವುದು ಇಲ್ಲಿಯೇ.

ಸಿಯೋಲ್‌ನ ಚಿಯೊಂಗ್ಯೆಚಿಯೋನ್ ತೊರೆಯ ಮೇಲೆ ಎತ್ತರದ ಹೆದ್ದಾರಿ ಇತ್ತು. 2003ರಿಂದ 2005ರೊಳಗೆ ಅದನ್ನು ಕೆಡವಿ 5.8 ಕಿಲೋಮೀಟರ್ ತೊರೆ ತೆರೆದರು. ಊರಿನ ನಡುವೆ ತಂಪಾಯಿತು, ಜನ ನಡೆದಾಡುತ್ತಾರೆ, ಒಳ್ಳೆಯ ಕೆಲಸ. ಆದರೆ ಅದರಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ಬಿಟ್ಟದ್ದು. ಅಹಮದಾಬಾದಿನ ಸಾಬರಮತಿಯಲ್ಲೂ ದಂಡೆಗಳ ನಡುವೆ ತುಂಬಿ ನಿಂತಿರುವುದು ನರ್ಮದಾ ಕಾಲುವೆಯ ನೀರು, ಕೆಳಗೆ ವಾಸಣಾ ಬ್ಯಾರೇಜು ಅದನ್ನು ಹಿಡಿದಿಟ್ಟಿದೆ. ಬ್ಯಾರೇಜಿನ ಕೆಳಗೆ ಹೋಗಿ ನೋಡಿದರೆ ಅದೇ ನದಿ ಕಪ್ಪಾಗಿ, ಗಬ್ಬು ನಾರುತ್ತ ಹರಿಯುತ್ತದೆ. ಗುಜರಾತ್ ಹೈಕೋರ್ಟು 2021ರಲ್ಲಿ ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಂಡಿತು.

ಈಗ ಪುಣೆ. ನಿಮ್ಮ ಯೋಜನೆ 44 ಕಿಲೋಮೀಟರಿನದು. ಅದರ ಪಕ್ಕದಲ್ಲೇ ಜನ ಅಷ್ಟಾಗಿ ಮಾತಾಡದ ಇನ್ನೊಂದು ಯೋಜನೆ ಇದೆ. ಜಪಾನಿನ ಜೈಕಾ ಸಂಸ್ಥೆಯ ಸಾಲದಲ್ಲಿ 11 ಕೊಳಚೆ ಶುದ್ಧೀಕರಣ ಘಟಕ ಕಟ್ಟುವುದು. ನನ್ನ ಮಟ್ಟಿಗೆ ಅದೇ ನಿಜವಾದ ನದಿ ಯೋಜನೆ. ಆ ಹನ್ನೊಂದೂ ಪೂರ್ತಿ ಸಾಮರ್ಥ್ಯದಲ್ಲಿ ನಡೆದು, ಹೊಳೆಗೆ ಬೀಳುವ ಪ್ರತಿ ನಾಲೆಯ ಬಾಯಿ ಕೊಳವೆಗೆ ಸೇರುವವರೆಗೆ ದಂಡೆಯ ಕಲ್ಲು ಹಾಸಿಗೆಗೆ ಅವಸರ ಬೇಡ ಎಂದು ನಾನು ಎಲ್ಲಿ ಕೇಳಿದರೂ ಹೇಳುತ್ತೇನೆ.

ಎರಡನೆಯದು ನೆರೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದದ್ದು ನಿಮ್ಮ ಊರಿನ ಹಿರಿಯರಿಗೆ ಇನ್ನೂ ನೆನಪಿದೆ. ಅದು ದೂರದ ಮಾತಾಯಿತು ಎನ್ನುವವರು 2024ರ ಜುಲೈ 25ನ್ನು ನೆನೆಯಲಿ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಜನ ದೋಣಿಯಲ್ಲಿ ಹೊರಗೆ ಬಂದರು. ಪಾತ್ರವನ್ನು ಎರಡೂ ಕಡೆಯಿಂದ ಒತ್ತಿ ಇಕ್ಕಟ್ಟು ಮಾಡಿದರೆ ಅಷ್ಟೇ ನೀರು ಇನ್ನೂ ಎತ್ತರಕ್ಕೆ ಏರಲೇಬೇಕು. ಇದಕ್ಕೆ ಯಾವ ವಿದೇಶಿ ತಜ್ಞನೂ ಬೇಡ.

ಹಾಲೆಂಡಿನವರು ಇದನ್ನು ಪೆಟ್ಟು ತಿಂದು ಕಲಿತರು. 1995ರ ನೆರೆಯಲ್ಲಿ ಎರಡೂವರೆ ಲಕ್ಷ ಜನರನ್ನು ಸಾಗಿಸಬೇಕಾಯಿತು. ನೂರಾರು ವರ್ಷ ದಂಡೆಯನ್ನು ಎತ್ತರಿಸುತ್ತಲೇ ಬಂದವರು ಆಮೇಲೆ ನದಿಗೇ ಜಾಗ ಬಿಟ್ಟುಕೊಡಲು ಹೊರಟರು. ನೈಮೇಖನ್ ಎಂಬ ಊರಲ್ಲಿ ವಾಲ್ ನದಿಯ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಹರಿವು ತೋಡಿದರು. ಸುಮಾರು 50 ಮನೆ ಎಬ್ಬಿಸಬೇಕಾಯಿತು. ಈಗ ಆ ಹರಿವಿನ ದಂಡೆಯಲ್ಲೇ ಜನ ಬೇಸಿಗೆಯಲ್ಲಿ ಕೂರುತ್ತಾರೆ, ಈಜುತ್ತಾರೆ. ಅಂದರೆ ಚಂದದ ದಂಡೆಯೂ ಬೇಕು, ನೆರೆಗೆ ಜಾಗವೂ ಬೇಕು ಎಂದರೆ ಆಗುತ್ತದೆ. ಮೊದಲ ನಕ್ಷೆಯಲ್ಲೇ ನದಿಗೆ ಜಾಗ ಬಿಟ್ಟಿರಬೇಕು, ಅಷ್ಟೆ.

ನೀನು ಆರ್ಕಿಟೆಕ್ಟ್ ಆಗುವವಳು. ಒಂದು ಕೆಲಸ ಮಾಡು. ಏಪ್ರಿಲ್‌ನಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಒಮ್ಮೆ ಡೆಕ್ಕನ್ ಹತ್ತಿರದ ಬಾಬಾ ಭಿಡೆ ಪೂಲಿನ (ಸೇತುವೆಯ) ಕಡೆ ಹೋಗು. ಬೇಸಿಗೆಯಲ್ಲಿ ಪೂಲಿನ ಮೇಲೆ ನಿಂತು ಎಡಬಲದ ನಾಲೆಗಳಿಂದ ಏನು ಬೀಳುತ್ತಿದೆ ನೋಡು. ಮಳೆಗಾಲದಲ್ಲಿ ಖಡಕವಾಸಲಾದ ಬಾಗಿಲು ತೆಗೆದರೆ ಆ ಪೂಲೇ ಮುಳುಗಿರುತ್ತದೆ, ದೂರ ನಿಂತು ನೋಡು. ನದಿಯ ನೆರೆ ನಕ್ಷೆಯಲ್ಲಿ ನೀಲಿ ರೇಖೆ ಅಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ, ಕೆಂಪು ರೇಖೆ ಅಂದರೆ 100 ವರ್ಷದ್ದು. ಈ ಎರಡು ಗೆರೆ ನಿನ್ನ ಕಾಲೇಜಿನ ಪ್ರಾಜೆಕ್ಟಿನ ನಕ್ಷೆಯ ಮೇಲೆ ಎಲ್ಲಿ ಹಾದುಹೋಗುತ್ತವೆ ಎಂದು ಗುರುತು ಹಾಕು. ಆಮೇಲೆ ಯಾರ ಮಾತು ಸರಿ ಎಂದು ನಿನಗೇ ಗೊತ್ತಾಗುತ್ತದೆ.

ಪ್ರ: ರಾಯರೇ, ಹಿಂದ್‌ಮಾತಾ ಹತ್ತಿರ ನಮ್ಮದು ಸಣ್ಣ ಹೋಟೆಲು. ಮೊದಲು ಜೋರು ಮಳೆ ಬಂದರೆ ಗಲ್ಲೆಯ ಕೆಳಗಿನ ತನಕ ನೀರು. ಪಾರ್ಕಿನ ಅಡಿಯಲ್ಲಿ ನೀರಿನ ಟಾಕಿ ಕಟ್ಟಿದ ಮೇಲೆ ಸ್ವಲ್ಪ ಕಡಿಮೆ. ಇದು ಜಪಾನಿನ ತಂತ್ರವಂತೆ, ಹೌದಾ? ಇನ್ನು ನೆಮ್ಮದಿಯಾಗಿ ಇರಬಹುದಾ?
– ಹೋಟೆಲು ಮಾಲೀಕರು, ಪರೇಲ್

ಉ: ಶೆಟ್ರೇ, ಹಿಂದ್‌ಮಾತಾ ತಗ್ಗು ಜಾಗ. ಸುತ್ತಲಿನ ನೀರೆಲ್ಲ ಅಲ್ಲಿಗೆ ಬರುತ್ತದೆ. ಭರತ (ಕಡಲ ಉಬ್ಬರ) ಇದ್ದಾಗ ಸಮುದ್ರವೇ ಗಟಾರದ ಬಾಯಿಗಿಂತ ಮೇಲಿರುತ್ತದೆ, ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಬ್ರಿಟಿಷರ ಕಾಲದ ಗಟಾರಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆ ಲೆಕ್ಕ ಹಾಕಿ ಕಟ್ಟಿದವು. ಮಳೆನೀರಿನ ಗಟಾರ ಸುಧಾರಿಸುವ ಬ್ರಿಮ್‌ಸ್ಟೋವಾಡ್ ಯೋಜನೆಯಲ್ಲಿ ಆ ಲೆಕ್ಕವನ್ನು 50ಕ್ಕೆ ಏರಿಸಿದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ ಬಿದ್ದದ್ದು 944 ಮಿಲಿಮೀಟರ್. ಅಂಥ ದಿನಕ್ಕೆ ಯಾವ ಗಟಾರವೂ ಸಾಲದು. ಹಾಗಾಗಿ ಭರತ ಇಳಿಯುವವರೆಗೆ ನೀರನ್ನು ಎಲ್ಲಾದರೂ ನಿಲ್ಲಿಸಿಕೊಳ್ಳಬೇಕು. ದಾದರಿನ ಪ್ರಮೋದ್ ಮಹಾಜನ್ ಪಾರ್ಕಿನ ಅಡಿಯ ಟಾಕಿ, ಪರೇಲಿನ ಸೇಂಟ್ ಝೇವಿಯರ್ಸ್ ಮೈದಾನದ ಅಡಿಯ ಟಾಕಿ ಮಾಡುವುದು ಇದನ್ನೇ.

ಜಪಾನಿನಲ್ಲಿ ಇದು ಹಳೆಯ ರೂಢಿ. ಮುಂಬಯಿಗೆ 1965ರಿಂದ ಅಲ್ಲಿನ ಯೊಕೊಹಾಮಾ ಸಹೋದರಿ ನಗರ, ಅಂದರೆ ಗೆಳೆತನದ ಒಪ್ಪಂದ ಮಾಡಿಕೊಂಡ ಊರು. ಅಲ್ಲಿ ತ್ಸುರುಮಿ ಎಂಬ ನದಿ ಇದೆ, ಊರು ಬೆಳೆದಂತೆ ಪದೇ ಪದೇ ನೆರೆ ತರುತ್ತಿತ್ತು. ನದಿ ಪಕ್ಕದ ದೊಡ್ಡ ಬಯಲನ್ನು 39 ಲಕ್ಷ ಘನ ಮೀಟರ್ ನೀರು ಹಿಡಿಯುವ ತಗ್ಗಾಗಿ ಮಾಡಿ, ಅದರೊಳಗೇ ಕಂಬಗಳ ಮೇಲೆ ಕ್ರೀಡಾಂಗಣ ಕಟ್ಟಿದರು. 2019ರ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತ ಬಂದಾಗ ನದಿ ನೀರು ಒಡ್ಡು ದಾಟಿ ಆ ಬಯಲಿಗೆ ನುಗ್ಗಿತು, ಕ್ರೀಡಾಂಗಣದ ಕೆಳಗೆಲ್ಲ ನೀರು. ಮರುದಿನ ಸಂಜೆ ಮೇಲೆ ಜಪಾನ್–ಸ್ಕಾಟ್ಲೆಂಡ್ ರಗ್ಬಿ ವಿಶ್ವಕಪ್ ಪಂದ್ಯ ನಡೆಯಿತು. ಕೆಳಗಿನ ಊರು ಉಳಿದುಕೊಂಡಿತು.

ನಾವು ಆ ಒಂದು ಬಯಲನ್ನಷ್ಟೇ ನೋಡಿದರೆ ಅರ್ಧ ನೋಡಿದಂತೆ. ತ್ಸುರುಮಿಯ ಮೇಲ್ಭಾಗದಲ್ಲಿ ಶಾಲೆ, ವಸತಿ ಸಮುಚ್ಚಯ, ಪಾರ್ಕುಗಳಲ್ಲಿ ಸಾವಿರಾರು ಸಣ್ಣ ತಡೆಗುಂಡಿಗಳಿವೆ. ಬಯಲು ಕಾಂಕ್ರೀಟು ಮಾಡುವವನು ಅಷ್ಟು ನೀರು ತನ್ನ ಜಾಗದಲ್ಲೇ ನಿಲ್ಲಿಸಿಕೊಳ್ಳಬೇಕು. ನಮ್ಮಲ್ಲಿ ಹಿಂದ್‌ಮಾತಾಕ್ಕೆ ಟಾಕಿ ಬಂತು, ಆದರೆ ಮಿಲ್ ಜಾಗಗಳಲ್ಲಿ ಎದ್ದ ಗೋಪುರಗಳ ಅಂಗಳದ ನೀರು ಇನ್ನೂ ಬೀದಿಗೇ ಬರುತ್ತದೆ. ನೀವು ಕೇಳಿದ ನೆಮ್ಮದಿ ಇದರ ಮೇಲೆ ನಿಂತಿದೆ. ಇನ್ನೊಂದು ಮಾತು: ಟಾಕಿ ಒಂದು ಮಳೆಗೆ ತುಂಬಿದರೆ ಮುಂದಿನ ಮಳೆಯೊಳಗೆ ಖಾಲಿಯಾಗಿರಬೇಕು, ತಳದ ಹೂಳು ಮೇ ತಿಂಗಳಿಗೆ ಮೊದಲೇ ತೆಗೆದಿರಬೇಕು, ಪಂಪು ಆವತ್ತೇ ಕೈ ಕೊಡಬಾರದು. ನಿಮ್ಮ ವಾರ್ಡಿನ ಸಭೆಯಲ್ಲಿ ಪ್ರತಿ ಮೇ ತಿಂಗಳು ಈ ಮೂರನ್ನೇ ಕೇಳಿ.

ಪ್ರ: ಸಹೋದರಿ ನಗರ, ಒಡಂಬಡಿಕೆ, ಸಮ್ಮೇಳನ ಎಂದು ಅಧಿಕಾರಿಗಳು, ನಗರಸೇವಕರು ವಿದೇಶ ಸುತ್ತಿ ಬರುತ್ತಾರೆ. ನನ್ನ ತೆರಿಗೆಯ ಹಣಕ್ಕೆ ಇದರಿಂದ ಒಂದು ಹನಿ ನೀರಾದರೂ ಹೆಚ್ಚು ಬಂದಿದೆಯೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ

ಉ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹಾರ, ಫಲಕ, ಗುಂಪು ಫೋಟೋಗಳಲ್ಲೇ ಮುಗಿದುಹೋಗುವ ಒಪ್ಪಂದಗಳು ಬೇಕಾದಷ್ಟಿವೆ. ಆದರೂ ನಗರ ನಗರಕ್ಕೆ ಕಲಿಸಿ ನಿಜವಾಗಿ ನೀರು ಬಂದ ಒಂದು ಕಥೆ ಹೇಳಲೇಬೇಕು. ಇಡೀ ಕೆಲಸದ ಬದುಕಿನಲ್ಲಿ ನನಗೆ ಧೈರ್ಯ ಕೊಟ್ಟ ಕಥೆ ಅದು.

ಕಾಂಬೋಡಿಯಾದ ಫ್ನೋಮ್ ಪೆನ್. ಯುದ್ಧ, ನರಮೇಧ ಕಂಡ ಊರು. 1993ರಲ್ಲಿ ಅಲ್ಲಿನ ಜಲಮಂಡಳಿ ಬಿಟ್ಟ ನೀರಿನಲ್ಲಿ ನೂರಕ್ಕೆ 72 ಪಾಲು ಸೋರಿಕೆ, ಕಳ್ಳತನಗಳಲ್ಲಿ ಹೋಗುತ್ತಿತ್ತು. ಏಕ್ ಸೋನ್ ಚಾನ್ ಎಂಬ ಇಂಜಿನಿಯರ್ ಮುಖ್ಯಸ್ಥರಾದರು. ಮೀಟರು ಕೂರಿಸಲು ಹೋದಾಗ ಸೇನಾಧಿಕಾರಿಯೊಬ್ಬ ಅವರ ತಲೆಗೇ ಬಂದೂಕು ಹಿಡಿದದ್ದುಂಟು. ಅವರು ಬಿಡಲಿಲ್ಲ. 1999ರಿಂದ ಜಪಾನಿನ ಕಿತಾಕ್ಯೂಶು ನಗರದ ಜಲ ಇಲಾಖೆ ತನ್ನ ಇಂಜಿನಿಯರುಗಳನ್ನೇ ಅಲ್ಲಿಗೆ ಕಳಿಸಿತು. ಅವರು ಊರನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗಕ್ಕೆ ಎಷ್ಟು ನೀರು ಹೋಯಿತು, ಎಷ್ಟು ಬಿಲ್ಲಾಯಿತು ಎಂದು ಅಳೆಯುವುದನ್ನು, ಒತ್ತಡವನ್ನು ದೂರದಿಂದಲೇ ಗಮನಿಸುವುದನ್ನು ಅಲ್ಲಿನ ಸಿಬ್ಬಂದಿಯ ಜೊತೆ ನಿಂತು ಕಲಿಸಿದರು. ಸೋರಿಕೆ ಶೇಕಡಾ 10ಕ್ಕಿಂತ ಕೆಳಗೆ ಬಂತು. ಊರಿಗೆ ದಿನದ 24 ಗಂಟೆ ಕುಡಿಯುವ ನೀರು. ಚಾನ್ ಅವರಿಗೆ 2006ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇದೇ ಬಗೆಯ ಜೋಡಿಗಳನ್ನು ಬೆಸೆಯಲು ವಿಶ್ವಸಂಸ್ಥೆಯ ಹ್ಯಾಬಿಟಾಟ್ 2009ರಲ್ಲಿ ಒಂದು ಒಕ್ಕೂಟವನ್ನೇ ಕಟ್ಟಿತು.

ಇಲ್ಲಿ ಮೇಯರು ಮೇಯರಿಗೆ ಕೈ ಕುಲುಕಿದ್ದು ಮುಖ್ಯವಾಗಲಿಲ್ಲ. ಕೊಳವೆಯ ಹತ್ತಿರ ಕೆಲಸ ಮಾಡುವವನು ಕೊಳವೆಯ ಹತ್ತಿರ ಕೆಲಸ ಮಾಡುವವನಿಗೆ ಕಲಿಸಿದ. ಮುಂಬಯಿಯಲ್ಲಿ ಇಂಥವರು ಯಾರು ಎಂದರೆ ರಾತ್ರಿ ಸೋರಿಕೆ ಹುಡುಕುವವರು. ಎರಡು ಗಂಟೆಗೆ ರಸ್ತೆಯ ಸದ್ದಡಗಿದ ಮೇಲೆ ಸೌಂಡಿಂಗ್ ರಾಡ್ ಎಂಬ ಕಬ್ಬಿಣದ ಸರಳನ್ನು ವಾಲ್ವಿನ ಮೇಲೋ ಕೊಳವೆಯ ಮೇಲೋ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾರೆ. ಸರಿಯಾಗಿ ಹರಿಯುವ ನೀರಿನ ಸದ್ದು ಒಂದೇ ಸಮ ಇರುತ್ತದೆ. ಸೋರುವ ಕಡೆ ಸಣ್ಣಗೆ ಸೀಟಿ ಹೊಡೆದಂತೆ, ಒತ್ತಡ ಹೆಚ್ಚಿದ್ದರೆ ಹುರಿದಂತೆ ಕೇಳುತ್ತದೆ. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ಹೋಗಿ ಕೇಳಿ, ರಸ್ತೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಾರೆ. ಬೆಳಗ್ಗೆ ಅಗೆದರೆ ಅಲ್ಲೇ ಸೋರಿಕೆ. ನಾನು ಆ ಜನರ ಜೊತೆ ರಾತ್ರಿ ಪಾಳಿ ಮಾಡಿದ್ದೇನೆ, ಅವರ ಕಿವಿಗೆ ನನ್ನ ನಮಸ್ಕಾರ. ವಾಲ್ವು ತೆಗೆದು ಹಾಕುವ ಚಾವಿವಾಲಾಗಳಿಗೆ ಯಾವ ಗಲ್ಲಿಗೆ ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಚಾಳಿಗೂ ನೀರು ಏರುತ್ತದೆ ಎಂದು ಬಾಯಿಪಾಠ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ವಿದೇಶಕ್ಕೆ ಹೋಗುವ ತಂಡದಲ್ಲಿ ಇವರಲ್ಲಿ ಇಬ್ಬರಾದರೂ ಇದ್ದಾರೆಯೇ ಎಂದು ಕೇಳಿ. ಬಂದವರು ಆರು ತಿಂಗಳಾದ ಮೇಲೆ ಒಂದು ವಾರ್ಡಿನಲ್ಲಿ ಏನು ಬದಲಾಯಿಸಿದರು ಎಂದು ಬರೆದು ಕೊಡಲಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು ನಿಮ್ಮಂಥ ಲೆಕ್ಕ ಬಲ್ಲವರಿಗೆ ಕಷ್ಟವಲ್ಲ. ಹೆಚ್ಚಿನ ವಿದೇಶ ಯಾತ್ರೆಗಳು ಈ ಪರೀಕ್ಷೆಯಲ್ಲಿ ನಪಾಸಾಗುತ್ತವೆ ಎಂದು ನನಗೂ ಅನುಮಾನವಿದೆ. ಹಾಗೆಂದು ಬಾಗಿಲೇ ಹಾಕಿಬಿಟ್ಟರೆ ಫ್ನೋಮ್ ಪೆನ್‌ನಂಥದ್ದು ನಮ್ಮಲ್ಲಿ ಎಂದೂ ಆಗುವುದಿಲ್ಲ.

ಪ್ರ: ನನ್ನ ತವರು ಹುಬ್ಬಳ್ಳಿ. ಅಲ್ಲಿ ನಮ್ಮ ಅಕ್ಕನ ಓಣ್ಯಾಗ ಯಾವಾಗ ನಲ್ಲಿ ತಿರುವಿದ್ರೂ ನೀರು ಬರ್ತದ. ಇಲ್ಲಿ ಚಿಂಚವಡದಾಗ ದಿನಾ ಬಿಟ್ಟು ದಿನಾ. ಅಷ್ಟು ಸಣ್ಣ ಊರಾಗ ಆಗೂದು ಇಲ್ಲಿ ಯಾಕ ಆಗಂಗಿಲ್ರೀ?
– ಗೃಹಿಣಿ, ಚಿಂಚವಡ

ಉ: ತಾಯಿ, ನಿಮ್ಮ ಅಕ್ಕನವರ ಓಣಿ ದಿನವಿಡೀ ನೀರು ಕೊಡುವ ಯೋಜನೆಯ ಮೊದಲ ಪ್ರಾಯೋಗಿಕ ವಲಯದ್ದಿರಬೇಕು. ವಿಶ್ವಬ್ಯಾಂಕಿನ ಸಾಲ, ಫ್ರಾನ್ಸಿನ ಕಂಪನಿಯೊಂದರ ನಿರ್ವಹಣೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಕ್ಕೆ ದಿನವಿಡೀ ನೀರು ಬಂತು. ಮೂರೂ ಊರು ಸೇರಿ ಹತ್ತರಲ್ಲಿ ಒಂದು ಪಾಲು ಜನಕ್ಕೆ. ಉಳಿದವರಿಗೆ ತಲುಪಲು ಬಹಳ ವರ್ಷ ಕಾಯಬೇಕಾಯಿತು, ಖಾಸಗಿಯವರ ಕೈಗೆ ಕೊಡುವುದರ ವಿರುದ್ಧ ಚಳವಳಿಯೂ ನಡೆಯಿತು. ಆ ಆತಂಕ ಸುಳ್ಳಲ್ಲ.

ಆದರೂ ಹುಬ್ಬಳ್ಳಿ-ಧಾರವಾಡ ಪ್ರಪಂಚಕ್ಕೆ ಒಂದು ದೊಡ್ಡ ಪಾಠ ಹೇಳಿತು. ಅಮೆರಿಕದ ಸಂಶೋಧಕರು ಎರಡೂ ಬಗೆಯ ಓಣಿಗಳ ನಲ್ಲಿ ನೀರು ತೆಗೆದು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಮೂರರಲ್ಲೊಂದು ಮಾದರಿಯಲ್ಲಿ ಮಲದ ಗುರುತಾದ ಇ. ಕೋಲೈ ಸಿಕ್ಕಿತು. ದಿನವಿಡೀ ಬರುವ ಕಡೆ ನೂರಕ್ಕೆ ಒಂದೂ ಇಲ್ಲ. ಕಾರಣ ಸರಳ. ಕೊಳವೆ ಖಾಲಿಯಾದಾಗ ಒಳಗೆ ಒತ್ತಡ ಇರುವುದಿಲ್ಲ, ಪಕ್ಕದ ಗಟಾರದ ನೀರು ಬಿರುಕಿನಿಂದ ಒಳಗೆ ಬರುತ್ತದೆ. ಸದಾ ತುಂಬಿದ್ದರೆ ನೀರು ಹೊರಗೆ ಸೋರಬಹುದೇ ವಿನಾ ಹೊಲಸು ಒಳಗೆ ಬಾರದು.

ಪುಣೆಯಲ್ಲಿ, ಪಿಂಪರಿ-ಚಿಂಚವಡದಲ್ಲಿ ಅಣೆಕಟ್ಟಿನಲ್ಲಿ ನೀರಿಲ್ಲವೆಂಬುದು ಪೂರ್ತಿ ಕಾರಣವಲ್ಲ. ಹಳೇ ಕೊಳವೆ ಬದಲಾಗಬೇಕು, ಮನೆಮನೆಗೆ ಮೀಟರು ಬೇಕು, ಸೋರಿಕೆ ನಿಲ್ಲಬೇಕು. ನೀರು ಬಂದ ಮೊದಲ ಹತ್ತು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ, ಬಟ್ಟೆಗೆ, ನೆಲಕ್ಕೆ ಬಳಸಿ. ಮಕ್ಕಳಿಗೆ ಕಾಯಿಸಿ ಆರಿಸಿದ ನೀರನ್ನೇ ಕೊಡಿ.

ಪ್ರ: ಪಣಜಿಯಲ್ಲಿ ಒಂದು ಗಂಟೆ ಮಳೆ ಬಂದರೆ ರಸ್ತೆಯಲ್ಲಿ ನೀರು. ಸಮುದ್ರವನ್ನೇ ತಡೆದು ನಿಂತ ಹಾಲೆಂಡಿನವರನ್ನು ಕರೆಸಿದರೆ ಸರಿಮಾಡಬಹುದಲ್ಲವೇ?
– ಗುತ್ತಿಗೆದಾರರು, ವಾಸ್ಕೋ

ಉ: ಕರೆಸಬಹುದು. ಆದರೆ ಬಂದವರನ್ನು ಮೊದಲು ಖಾಜನ್ ಗದ್ದೆಗೆ ಕರೆದುಕೊಂಡು ಹೋಗಬೇಕು ಎಂಬುದು ನನ್ನ ಆಸೆ.

ಮಾಂಡವಿ, ಜುವಾರಿ ಹಿನ್ನೀರಿನಲ್ಲಿ ಗೋವಾದವರು ತಲೆತಲಾಂತರದಿಂದ ಒಡ್ಡು ಕಟ್ಟಿ ಉಪ್ಪು ನೀರಿನ ನೆಲದಲ್ಲಿ ಭತ್ತ ಬೆಳೆದವರು. ಒಡ್ಡಿನಲ್ಲಿ ‘ಮಾನಸ್’ ಎಂಬ ತೂಬು ಇರುತ್ತದೆ. ನಮ್ಮ ಕುಮಟೆಯ ಗಜನಿಯಲ್ಲೂ ಹೀಗೆಯೇ, ಅಲ್ಲಿ ಬೆಳೆಯುವುದು ಕಗ್ಗ ಭತ್ತ. ತೂಬಿನ ಮರದ ಹಲಗೆಗಳು ಮೇಲ್ತುದಿಯಲ್ಲಿ ತೂಗಿಕೊಂಡಿರುತ್ತವೆ. ಭರತ ಏರುವಾಗ ಹೊರಗಿನ ನೀರೇ ಹಲಗೆಯನ್ನು ಚೌಕಟ್ಟಿಗೆ ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ಮಳೆ ನೀರು ಹಲಗೆಯನ್ನು ಹೊರಕ್ಕೆ ತಳ್ಳಿ ತಾನೇ ಹರಿದುಹೋಗುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ರಾಟರ್‌ಡ್ಯಾಮಿನಲ್ಲಿ 1997ರಲ್ಲಿ ಕಟ್ಟಿದ ಮಾಸ್ಲಾಂಟ್ ತಡೆಗೇಟಿನ ಒಂದೊಂದು ಬಾಗಿಲು 210 ಮೀಟರ್ ಉದ್ದ, ಕಡಲು ಮೂರು ಮೀಟರ್ ಏರುವ ಸೂಚನೆ ಸಿಕ್ಕರೆ ಕಂಪ್ಯೂಟರೇ ಅದನ್ನು ಮುಚ್ಚುತ್ತದೆ. ದೊಡ್ಡ ಸಾಧನೆ. ಏರಿದ ಕಡಲನ್ನು ಹೊರಗಿಟ್ಟು ಇಳಿದಾಗ ಬಿಡುವ ತತ್ವ ಎರಡರಲ್ಲೂ ಇದೆ.

ಪಣಜಿಯ ತೊಂದರೆ ಈ ತತ್ವ ಗೊತ್ತಿಲ್ಲದ್ದಲ್ಲ. ಮಳೆ ನೀರು ನಿಲ್ಲುತ್ತಿದ್ದ ಖಾಜನ್, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತುಂಬಿಸಿ ಕಟ್ಟಡ ಎದ್ದವು. ಪಣಜಿಯ ಪಾಟ್ಟೋ ಬಡಾವಣೆ ಇರುವುದೇ ಅಂಥ ನೆಲದ ಮೇಲೆ. ಊರ ನಡುವಿನ ಸಾಂತ್ ಇನೆಜ್ ಕ್ರೀಕು ಕೊಳಚೆ, ಕಸಗಳಿಂದ ಕಟ್ಟಿಕೊಂಡಿದೆ. ನೀರು ನಿಲ್ಲಲೂ ಜಾಗವಿಲ್ಲ, ಹೋಗಲೂ ದಾರಿಯಿಲ್ಲ.

ಹಾಲೆಂಡಿನಿಂದ ತರಬೇಕಾದ್ದು ಗೇಟಿಗಿಂತ ಬೇರೆ ಇದೆ. ಅಲ್ಲಿ 13ನೇ ಶತಮಾನದಿಂದ ಜಲಮಂಡಳಿಗಳಿವೆ. ಊರವರೇ ಚುನಾಯಿಸುತ್ತಾರೆ, ಅವುಗಳಿಗೆ ಸ್ವಂತ ತೆರಿಗೆ ಉಂಟು, ಒಡ್ಡು ಕಾಯುವುದೇ ಅವುಗಳ ಕೆಲಸ, ಸರಕಾರ ಬದಲಾದರೂ ಅವು ಬದಲಾಗುವುದಿಲ್ಲ. ಗೋವಾದ ಕೊಮುನಿದಾದ್‌ಗಳು, ಅಂದರೆ ಊರ ಜಮೀನು ನೋಡಿಕೊಳ್ಳುವ ಸಂಘಗಳು, ಇದೇ ಕೆಲಸ ಮಾಡುತ್ತಿದ್ದವು. ತೂಬಿನ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡು ರಿಪೇರಿ ಮಾಡಿಸುತ್ತಿದ್ದವು. ಆ ವ್ಯವಸ್ಥೆ ಸಡಿಲವಾದ ಮೇಲೆ ಒಡ್ಡು ಒಡೆದರೆ ಕೇಳುವವರಿಲ್ಲ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕುಮಟೆಯವರೂ ಪಣಜಿಯವರೂ ಹಾಲೆಂಡಿನವರೂ ಒಂದು ಕಡೆ ಕೂತು ಒಡ್ಡು ಕಾಯುವ ಮಂಡಳಿ ಹೇಗಿರಬೇಕು ಎಂದು ಮಾತಾಡಿದರೆ ಅಂಥ ಸಹಕಾರಕ್ಕೆ ನಾನು ಎರಡು ಕೈ ಎತ್ತುತ್ತೇನೆ.

ಪ್ರ: ಸಮುದ್ರದ ನೀರನ್ನೇ ಸಿಹಿ ಮಾಡಿದರೆ ಮುಂಬಯಿಯ ಚಿಂತೆ ಮುಗಿಯಿತಲ್ಲ?
– ಓದುಗರು, ಮೀರಾ ರೋಡ್

ಉ: ಮನೋರಿಯಲ್ಲಿ ದಿನಕ್ಕೆ 20 ಕೋಟಿ ಲೀಟರಿನ ಘಟಕದ ಯೋಜನೆ ಇದೆ. ಬರಗಾಲದಲ್ಲಿ ಆಸರೆಯಾದೀತು. ಆದರೆ ಒಂದು ಸಾವಿರ ಲೀಟರಿಗೆ ಮೂರು–ನಾಲ್ಕು ಯೂನಿಟ್ ಕರೆಂಟು ಬೇಕು. ನಮ್ಮ ಏಳು ಕೆರೆಗಳ ನೀರು ಬಹುಪಾಲು ಇಳಿಜಾರಿನಲ್ಲೇ ಹರಿದು ಬರುತ್ತದೆ. ಅದರಲ್ಲಿ ಸೋರಿ ಹೋಗುವುದನ್ನು ಮೊದಲು ಹಿಡಿಯಬೇಕು. ಸಿಂಗಪುರ 2003ರಿಂದ ಕೊಳಚೆ ನೀರನ್ನು ಶುದ್ಧ ಮಾಡಿ ಕಾರ್ಖಾನೆಗಳಿಗೆ ಕೊಡುತ್ತಿದೆ, ಸ್ವಲ್ಪ ಭಾಗ ಜಲಾಶಯಕ್ಕೂ ಬಿಡುತ್ತದೆ. ಮುಂಬಯಿಯಲ್ಲಿ ವರ್ಳಿ, ಬಾಂದ್ರಾ, ಧಾರಾವಿ, ಮಲಾಡ್ ಸೇರಿ ಏಳು ಕಡೆ ಹೊಸ ಶುದ್ಧೀಕರಣ ಘಟಕಗಳ ಕೆಲಸ ನಡೆದಿದೆ. ಅವುಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ನನಗೆ ಮನೋರಿಗಿಂತ ಮುಖ್ಯ.

ಪ್ರ: ನಾವು ಮೊಗವೀರರು. ಅಜ್ಜನ ಕಾಲದಿಂದ ಸಸೂನ್ ಡಾಕ್‌ನಲ್ಲಿ ದುಡಿಯುತ್ತಿದ್ದೇವೆ. ಪೂರ್ವ ದಂಡೆಯನ್ನು ಲಂಡನ್ ಥರ ಮಾಡುತ್ತಾರೆ ಎಂದು ಆಗಾಗ ಸುದ್ದಿ. ಹಾಗಾದರೆ ನಮ್ಮನ್ನು ಎಬ್ಬಿಸುತ್ತಾರಾ?
– ಮೀನು ವ್ಯಾಪಾರಿ, ಕೊಲಾಬಾ

ಉ: ಅಣ್ಣ, ನಿಮ್ಮ ಪ್ರಶ್ನೆ ಓದಿ ಮನಸ್ಸಿಗೆ ಕಷ್ಟವಾಯಿತು. ಸಸೂನ್ ಡಾಕ್ 1875ರದು. ಬೆಳಗಿನ ಜಾವ ಅಲ್ಲಿನ ಹರಾಜು ನೋಡಿದವರಿಗೆ ಅದು ಖಾಲಿ ಬಿದ್ದ ಜಾಗವೆಂದು ಹೇಳಲು ಬಾಯಿ ಬರಲಾರದು. ಬುಟ್ಟಿ, ಐಸು, ಸಿಗಡಿ ಸುಲಿಯುವ ಹೆಂಗಸರು, ಕೋಳಿ ಸಮುದಾಯದ ಮೀನುಗಾರರ ಮರಾಠಿ, ನಮ್ಮವರ ತುಳು ಎಲ್ಲ ಒಟ್ಟಿಗೆ ಅಲ್ಲಿ ನಡೆಯುತ್ತದೆ.

ಲಂಡನ್ನಿನ ಹೆಸರು ಹೇಳುವವರಿಗೆ ಅಲ್ಲಿನ ಪೂರ್ತಿ ಕಥೆ ಹೇಳಿ. 1981ರಲ್ಲಿ ಡಾಕ್‌ಲ್ಯಾಂಡ್ಸ್ ಎಂಬ ಹಳೇ ಬಂದರು ಭಾಗಕ್ಕೆ ಪ್ರತ್ಯೇಕ ನಿಗಮ ಮಾಡಿದರು, ಗಾಜಿನ ಗೋಪುರ ಎದ್ದವು. ಹಡಗುಕಟ್ಟೆಯಲ್ಲಿ ದುಡಿದವರ ಮಕ್ಕಳಿಗೆ ಅಲ್ಲಿ ಕೆಲಸವೂ ಸಿಗಲಿಲ್ಲ, ಮನೆಯೂ ಕೈಗೆಟುಕಲಿಲ್ಲ ಎಂದು ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು. ಜರ್ಮನಿಯ ಹ್ಯಾಂಬರ್ಗಿನ ಹಳೇ ಬಂದರಿನಲ್ಲಿ ಎದ್ದ ಹಾಫೆನ್‌ಸಿಟಿ ಬಡಾವಣೆಯಿಂದ ಒಂದು ಒಳ್ಳೆಯ ವಿಷಯ ಕಲಿಯಬಹುದು. ಅದು ಪ್ರವಾಹದ ಒಡ್ಡಿನ ಹೊರಗಿದೆ. ಅದಕ್ಕೇ ಕಟ್ಟಡಗಳನ್ನು ಎತ್ತರದ ದಿಬ್ಬದ ಮೇಲೆ ಕಟ್ಟಿ, ದಂಡೆಯ ಕೆಳ ದಾರಿಯನ್ನು ನೀರಿಗೆ ಬಿಟ್ಟಿದ್ದಾರೆ. ಮುಂಬಯಿಯಂಥ ಊರು ಇದನ್ನು ಗಮನವಿಟ್ಟು ನೋಡಬೇಕು.

ನಿಮ್ಮ ಪ್ರಶ್ನೆಗೆ ಹತ್ತಿರದ ಊರು ದಕ್ಷಿಣ ಕೊರಿಯಾದ ಬೂಸಾನ್. 1977ರಿಂದ ಅದೂ ಮುಂಬಯಿಯ ಸಹೋದರಿ ನಗರ. ಬಂದರಿನ ಹಳೇ ಭಾಗವನ್ನು ಅವರೂ ಹೊಸದು ಮಾಡುತ್ತಿದ್ದಾರೆ. ಆದರೆ ಜಗಾಲ್ಚಿ ಮೀನು ಮಾರುಕಟ್ಟೆ ದಂಡೆಯಲ್ಲೇ ಇದೆ, ಹೊಸ ಕಟ್ಟಡ ಕೊಟ್ಟು ಅಲ್ಲೇ ಉಳಿಸಿಕೊಂಡರು. ಮೀನು ಮಾರುವ ಹೆಂಗಸರನ್ನೇ ನೋಡಲು ಪ್ರವಾಸಿಗಳು ಬರುತ್ತಾರೆ. ಕೋಳಿವಾಡಾಗಳ ಸಂಘಟನೆಗಳ ಜೊತೆ ಸೇರಿ ನೀವು ಮಹಾನಗರಪಾಲಿಕೆಯನ್ನು, ಬಂದರು ಪ್ರಾಧಿಕಾರವನ್ನು ಕೇಳಬೇಕಾದ್ದು ಹೀಗೆ: ನಮ್ಮನ್ನು ಬೂಸಾನಿಗೆ ಕಳಿಸಿ, ಅಲ್ಲಿನ ಮೀನುಗಾರರ ಜೊತೆ ಮಾತಾಡಿಸಿ. ಆಮೇಲೆ ನಕ್ಷೆ ಬರೆಯಿರಿ. ಈ ಬೇಡಿಕೆಯನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮುಂಬಯಿಯಲ್ಲಿರುವ ಮೊಗವೀರ ಸಂಘಟನೆಗಳು ಈ ವಿಷಯದಲ್ಲಿ ಮುಂದೆ ಬರಬೇಕೆಂದು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇನೆ.

ಪ್ರ: ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ. ಎಲ್ಲರೂ ಸಾಫ್ಟ್‌ವೇರ್‌ಗೆ ಹೋಗು ಎನ್ನುತ್ತಾರೆ. ನನಗೆ ನಗರದ ನೀರಿನ ಕೆಲಸ ಮಾಡಬೇಕೆಂದಿದೆ. ಎಲ್ಲಿ ಓದಲಿ?
– ವಿದ್ಯಾರ್ಥಿ, ನವಿ ಮುಂಬಯಿ

ಉ: ಬಹಳ ಸಂತೋಷ, ಮರಿ. ಮನೆಯವರು ಏನೇ ಹೇಳಲಿ, ನೀರಿನ ಕೆಲಸಕ್ಕೆ ಜನ ಸಾಲದು. ಪವಾಯಿಯ ಐಐಟಿಯಲ್ಲಿ ಜಲ ಸಂಪನ್ಮೂಲ, ಪರಿಸರ ಇಂಜಿನಿಯರಿಂಗ್ ಎರಡೂ ಇವೆ, ಗೇಟ್ ಪರೀಕ್ಷೆ ಬರೆ. ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಹಾಲೆಂಡಿನ ಡೆಲ್ಫ್ಟ್‌ನಲ್ಲಿರುವ ಐಎಚ್‌ಇ ಸಂಸ್ಥೆ ನೋಡು. 1957ರಲ್ಲಿ ಶುರುವಾದದ್ದು, ಏಷ್ಯಾ, ಆಫ್ರಿಕಾದ ಜಲ ಇಂಜಿನಿಯರುಗಳು ಅಲ್ಲಿ ಒಟ್ಟಿಗೆ ಓದುತ್ತಾರೆ. ಮುಂದೆ ಕಷ್ಟದ ಹೊತ್ತಿನಲ್ಲಿ ಫೋನು ಮಾಡಿ ಕೇಳಲು ಹತ್ತು ಊರಿನ ಗೆಳೆಯರಿರುತ್ತಾರೆ. ಸಾಫ್ಟ್‌ವೇರೂ ಕಲಿ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು) ಮತ್ತು ಎಪಾನೆಟ್ (ಕೊಳವೆ ಜಾಲದಲ್ಲಿ ನೀರಿನ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್) ಬಾರದ ಜಲ ಇಂಜಿನಿಯರಿಗೆ ಈಗ ಕೆಲಸ ಕಷ್ಟ. ಎಪಾನೆಟ್ ದುಡ್ಡಿಲ್ಲದೆ ಸಿಗುತ್ತದೆ, ಈ ರಜೆಯಲ್ಲೇ ನಿಮ್ಮ ಸೆಕ್ಟರಿನ ಕೊಳವೆಗಳನ್ನು ಅದರಲ್ಲಿ ಹಾಕಿ ನೋಡು. ಜೊತೆಗೆ ಮರಾಠಿ ಚೆನ್ನಾಗಿ ಮಾತಾಡಲು ಕಲಿ. ಸೈಟಿಗೆ ಹೋದ ಮೊದಲ ದಿನದಿಂದಲೇ ಚಾವಿವಾಲಾರ ಹತ್ತಿರ ಪ್ರಶ್ನೆ ಕೇಳಬೇಕಾಗುತ್ತದೆ.